ಸೊಳ್ಳೆಗಳು ಕೆಲವರನ್ನೇ ಹುಡುಕಿಕೊಂಡು ಬಂದು ಕಚ್ಚುವುದೇಕೆ?

ಪ್ರಶ್ನೆ

ಸಂಜೆ ನಾನೂ ನನ್ನ ತಂಗಿಯೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕುಳಿತು ಓದುತ್ತೇವೆ. ಅರ್ಧ ಗಂಟೆಯೊಳಗೆ ನನ್ನ ಕಣಕಾಲಿನ ಸುತ್ತ ಏಳೆಂಟು ದದ್ದುಗಳು ಎದ್ದಿರುತ್ತವೆ. ಅವಳ ಕಾಲಿನಲ್ಲಿ ಒಂದು ಗುರುತೂ ಕಾಣುವುದಿಲ್ಲ. ನನ್ನ ರಕ್ತ ಸಿಹಿ ಎಂದು ಮನೆಯವರು ಹೇಳುತ್ತಾರೆ. ವಿಟಮಿನ್ ಬಿ ಮಾತ್ರೆಯನ್ನೂ, ಶಬ್ದ ಹೊರಡಿಸುವ ಒಂದು ಯಂತ್ರವನ್ನೂ ಪ್ರಯತ್ನಿಸಿ ಸೋತಿದ್ದೇನೆ. ನಿಜವಾದ ಕಾರಣವನ್ನೂ ಪರಿಹಾರವನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ರಕ್ತದ ಸಿಹಿಗೂ ಇದಕ್ಕೂ ಸಂಬಂಧವಿಲ್ಲ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಕಟ್ಟಲು ಅದಕ್ಕೆ ರಕ್ತದಲ್ಲಿರುವ ಪ್ರೋಟೀನ್ ಬೇಕು. ನಾವು ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ದೂರದಿಂದಲೇ ಗ್ರಹಿಸಿ ಅದು ನಮ್ಮತ್ತ ಹೊರಡುತ್ತದೆ, ಹತ್ತಿರ ಬಂದಂತೆ ಚರ್ಮದ ವಾಸನೆ, ಮೈಯ ಬಿಸಿ ಮತ್ತು ತೇವವನ್ನು ಅನುಸರಿಸಿ ಕೂರುವ ಜಾಗವನ್ನು ಆರಿಸಿಕೊಳ್ಳುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚು ಬದಲಾಗುವುದು ಚರ್ಮದ ವಾಸನೆಯೇ. ಬೆವರಿನ ಲ್ಯಾಕ್ಟಿಕ್ ಆಮ್ಲ, ಚರ್ಮದ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು, ಚರ್ಮದ ಜಿಡ್ಡಿನಲ್ಲಿರುವ ಕಾರ್ಬಾಕ್ಸಿಲಿಕ್ ಆಮ್ಲಗಳು ಸೇರಿ ಪ್ರತಿಯೊಬ್ಬರಿಗೂ ಬೇರೆಯೇ ಆದ ವಾಸನೆಯನ್ನು ಕೊಡುತ್ತವೆ. ಈ ಆಮ್ಲಗಳು ಹೆಚ್ಚಿರುವವರು ಸೊಳ್ಳೆಗಳಿಗೆ ಹೆಚ್ಚು ಪ್ರಿಯರೆಂದೂ, ಆ ಆಕರ್ಷಣೆ ವರ್ಷಗಳವರೆಗೂ ಹಾಗೆಯೇ ಉಳಿಯುತ್ತದೆಂದೂ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಗರ್ಭಿಣಿಯರನ್ನೂ, ಆಗಷ್ಟೇ ವ್ಯಾಯಾಮ ಮುಗಿಸಿದವರನ್ನೂ ಸೊಳ್ಳೆಗಳು ಹೆಚ್ಚು ಮುತ್ತುವುದಕ್ಕೆ ಉಸಿರು ಮತ್ತು ಮೈಬಿಸಿಯೇ ಮುಖ್ಯ ಕಾರಣ.

ಉತ್ತರ 2

ಇದಕ್ಕೆ ಒಂದು ಮಾತನ್ನು ಸೇರಿಸಲೇಬೇಕು. ತಮ್ಮ ತಂಗಿಗೆ ಸೊಳ್ಳೆ ಕಚ್ಚುತ್ತಲೇ ಇಲ್ಲವೆಂದು ದದ್ದು ನೋಡಿ ತೀರ್ಮಾನಿಸಲಾಗದು. ದದ್ದು ಏಳುವುದು ಸೊಳ್ಳೆಯ ಜೊಲ್ಲಿಗೆ ನಮ್ಮ ದೇಹ ತೋರುವ ಪ್ರತಿಕ್ರಿಯೆಯಿಂದ. ಕೆಲವರಲ್ಲಿ ಅದು ಎಷ್ಟು ಸೌಮ್ಯವಾಗಿರುತ್ತದೆಂದರೆ ಕಚ್ಚಿದ್ದೇ ಅರಿವಿಗೆ ಬರುವುದಿಲ್ಲ. ಗುರುತು ಕಾಣದಿದ್ದರೂ ರೋಗ ಹರಡಬಹುದಾದ್ದರಿಂದ ಅವರೂ ರಕ್ಷಣೆ ಮಾಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಇದು ನನಗೆ ಹೊಳೆದೇ ಇರಲಿಲ್ಲ. ಇಂದು ಬೆಳಿಗ್ಗೆ ಹೂಕುಂಡದ ಕೆಳಗಿನ ತಟ್ಟೆಯನ್ನು ಬಗ್ಗಿ ನೋಡಿದಾಗ, ನೀರಿನಲ್ಲಿ ಸಣ್ಣ ಹುಳುಗಳು ತಲೆಕೆಳಗಾಗಿ ತೂಗುತ್ತಿದ್ದವು. ನನ್ನ ನೆರಳು ಬಿದ್ದೊಡನೆ ಎಲ್ಲವೂ ಬಳುಕುತ್ತಾ ತಳಕ್ಕಿಳಿದವು. ಇವು ಸೊಳ್ಳೆಯ ಮರಿಗಳೇ? ವಾಸನೆಯನ್ನು ಬದಲಿಸಲಾಗದಿದ್ದರೆ ನಾನು ಮಾಡಬೇಕಾದದ್ದೇನು?

ಉತ್ತರ 3

ಹೌದು, ಅವು ಸೊಳ್ಳೆಯ ಮರಿಗಳೇ. ಬೆಚ್ಚನೆಯ ವಾತಾವರಣದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ನೀರು ನಿಲ್ಲುವ ಪ್ರತಿಯೊಂದು ಪಾತ್ರೆಯನ್ನೂ ವಾರಕ್ಕೊಮ್ಮೆ ಖಾಲಿ ಮಾಡಬೇಕು. ಬರಿದೇ ಚೆಲ್ಲಿದರೆ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಬೇಕು, ಏಕೆಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನನ್ನ ಮಟ್ಟಿಗೆ ಉಳಿದೆಲ್ಲ ಉಪಾಯಗಳಿಗಿಂತ ಇದೇ ದೊಡ್ಡದು.

ಮೈಗೆ ಹಚ್ಚಲು ಡೀಟ್ ಅಥವಾ ಪಿಕಾರಿಡಿನ್ ಎಂಬ, ಸೊಳ್ಳೆಯನ್ನು ದೂರವಿಡುವ ರಾಸಾಯನಿಕ ಇರುವ ಮುಲಾಮನ್ನು ಆರಿಸಿಕೊಳ್ಳಿ. ಶೇಕಡಾ 20ರಿಂದ 30ರಷ್ಟು ಡೀಟ್ ಇದ್ದರೆ ಹಲವು ಗಂಟೆಗಳ ರಕ್ಷಣೆ ದೊರೆಯುತ್ತದೆ. ಎರಡು ತಿಂಗಳೊಳಗಿನ ಶಿಶುವಿಗೆ ಇದನ್ನು ಹಚ್ಚಬಾರದು, ಸೊಳ್ಳೆಪರದೆಯನ್ನೇ ಕಟ್ಟಬೇಕು. ಶಬ್ದದ ಯಂತ್ರ, ವಿಟಮಿನ್ ಮಾತ್ರೆ ಎರಡರಿಂದಲೂ ಪ್ರಯೋಜನವಿಲ್ಲ. ತಾವು ಸೋತದ್ದರಲ್ಲಿ ತಮ್ಮ ತಪ್ಪೇನೂ ಇಲ್ಲ. ಈಡಿಸ್ ಹಗಲಿನಲ್ಲೂ ಕಚ್ಚುತ್ತದೆ ಎಂಬುದನ್ನು ಮರೆಯಬೇಡಿ. ಸಂಜೆ ಓದುವಾಗ ತಿಳಿಬಣ್ಣದ, ಕಾಲು ಮುಚ್ಚುವ ಬಟ್ಟೆ ಧರಿಸಿ, ಫ್ಯಾನಿನ ಗಾಳಿ ಕಣಕಾಲಿನ ಕಡೆಗೆ ಬೀಸುವಂತೆ ಇಟ್ಟುಕೊಳ್ಳಿ. ಸೊಳ್ಳೆ ಬಲಹೀನ ಹಾರಾಟಗಾರ, ಆ ಗಾಳಿಗೆ ಎದುರಾಗಿ ಬಂದು ಕೂರುವುದು ಅದಕ್ಕೆ ಬಹಳ ಕಷ್ಟ.