ಪದಚರ್ಚೆ: ಚಿಗುರುಮೀಸೆ ಸರಿ, ಗೇಲಿ ಮಾಡಲು ಏನನ್ನುತ್ತೀರಿ?

ಗೆಳೆಯರೇ,

ಒಂದು ಅನುವಾದದ ನಡುವೆ ಒಂದೇ ಪದಕ್ಕೆ ಸಿಕ್ಕಿಕೊಂಡು ಕೂತಿದ್ದೇನೆ. ಹದಿನಾಲ್ಕರ ಹುಡುಗ ಕನ್ನಡಿ ಮುಂದೆ ನಿಂತು ಮೇಲ್ದುಟಿ ಸವರಿಕೊಳ್ಳುತ್ತಿದ್ದಾನೆ. ಹಿಂದಿನಿಂದ ಇಣುಕಿದ ಅಕ್ಕ 'ಬಮ್ ಫ್ಲಫ್' ಎಂದು ಚುಡಾಯಿಸಿ ಓಡುತ್ತಾಳೆ. ಇದು ಬ್ರಿಟನ್ನಿನ ಆಡುಮಾತು, ಮುಖದ ಮೊದಲ ಕೂದಲನ್ನು ಕುಂಡೆಯ ಮೇಲಿನ ತುಪ್ಪಳವೆನ್ನುವ ಗೇಲಿ. 'ಪೀಚ್ ಫಜ್' ಇಷ್ಟು ಒರಟಲ್ಲ. ಪೀಚ್ ಹಣ್ಣಿನ ಸಿಪ್ಪೆಯ ಮೇಲಿನ ನಯವಾದ ರೋಮ ಅಷ್ಟೆ.

ನಮ್ಮಲ್ಲಿ ಮೊದಲು ಬಾಯಿಗೆ ಬರುವುದು ಚಿಗುರುಮೀಸೆ. ಚೆಂದದ ಪದ, ಆದರೆ ಇಲ್ಲಿ ಕೂರುವುದಿಲ್ಲ. ಅಕ್ಕ ತಮ್ಮನಿಗೆ "ಏನೋ ಚಿಗುರುಮೀಸೆ" ಅಂದರೆ ಅವನು ನಾಚುವುದಿರಲಿ, ಉಬ್ಬಿಹೋಗುತ್ತಾನೆ.

ಕುಡಿಮೀಸೆಯದು ಬೇರೆ ತೊಡಕು. ಕುಡಿ ಎಂದರೆ ಎಳೆ ಚಿಗುರೂ ಹೌದು, ತುದಿಯೂ ಹೌದು. ಕುಡಿನೋಟದ ಕುಡಿ ಈ ಎರಡನೆಯದು. ಹಾಗಾಗಿ ಒಬ್ಬರಿಗೆ ಅದು ಹದಿಹರೆಯದ ಎಳೆಮೀಸೆ, ಇನ್ನೊಬ್ಬರಿಗೆ ತುದಿ ಹುರಿಮಾಡಿ ತಿರುವಿದ ಗತ್ತಿನ ಮೀಸೆ. ತಮಾಷೆ ನೋಡಿ, ಮೀಸೆ ಸಾಮಾನ್ಯವಾಗಿ ಮೊದಲು ಮೂಡುವುದು ಮೇಲ್ದುಟಿಯ ಎರಡು ಮೂಲೆಗಳಲ್ಲಿ. ಆಮೇಲೆ ನಡುವಿಗೆ ಹರಡಿ, ಕೆನ್ನೆಯ ಮೇಲ್ಭಾಗ ಮತ್ತು ಕೆಳದುಟಿಯ ಅಡಿ ದಾಟಿ, ಕೊನೆಗೆ ಗದ್ದಕ್ಕೆ ಇಳಿಯುತ್ತದೆ. ಹುಡುಗನ ಮೀಸೆ ಕುಡಿಯಲ್ಲೇ ಶುರು! ಪದ ಹುಟ್ಟಿದ್ದು ಇದರಿಂದಲೇ ಎನ್ನುತ್ತಿಲ್ಲ. ಎರಡೂ ಅರ್ಥ ಒಂದೇ ತುಟಿಯ ಮೇಲೆ ಕೂತಿದ್ದು ಕಂಡು ಖುಷಿಯಾಯಿತು, ಅಷ್ಟೆ.

ನೆರೆಯ ನುಡಿಗಳಿಗೂ ಮೀಸೆಯ ಮೇಲೆ ಇದೇ ಮುದ್ದು. ತಮಿಳರದು ಅರುಂಬು ಮೀಸೈ, ಅಂದರೆ ಮೊಗ್ಗುಮೀಸೆ. ತೆಲುಗರ ನೂನೂಗು ಮೀಸಾಲು ನುಣುಪಾದ ಎಳೆಗೂದಲಿನದು. ಹಿಂದಿಯಲ್ಲಿ ಮೀಸೆ 'ನೆನೆಯುತ್ತದೆ', ಮಸೇಂ ಭೀಗನಾ; ತುಟಿಯ ಮೇಲೆ ತೇವ ಆಡಿದ ಹಾಗೆ. ಇವುಗಳಲ್ಲಿ ನನಗೆ ಹತ್ತಿರವೆನಿಸಿದ್ದು ಮಲಯಾಳದ ಪೊಡಿಮೀಶ: ಪುಡಿಮೀಸೆ, ಚೂರುಪಾರು ಮೀಸೆ. ಜರ್ಮನ್ನರು ಎಳಸು ಹುಡುಗನನ್ನು ಮಿಲ್ಶ್‌ಬಾರ್ಟ್, ಹಾಲುಗಡ್ಡ, ಎಂದು ಹಂಗಿಸುತ್ತಾರೆ. ನಮ್ಮ ಹಾಲುಗಲ್ಲದಲ್ಲಿ ಹಾಲಿದೆ, ಹಂಗಿಸುವ ಗುಣವಿಲ್ಲ.

ಹಾಗಂತ ಕನ್ನಡಕ್ಕೆ ಗೇಲಿ ಬಾರದೆ? ಬರುತ್ತದೆ, ಆದರೆ ಅದು ಪದದಲ್ಲಿಲ್ಲ, ವಾಕ್ಯದಲ್ಲಿದೆ. "ಮೀಸೆ ಇನ್ನೂ ಮೂಡಿಲ್ಲ, ಆಗಲೇ ಮಾತು ನೋಡು." "ಮೀಸೆ ಬಂದವನಿಗೆ ದೇಶ ಕಾಣದು." ಇಲ್ಲಿ ಪೆಟ್ಟು ಬೀಳುವುದು ಹುಡುಗನ ಸೊಕ್ಕಿಗೆ, ಕೂದಲಿನ ಮರ್ಯಾದೆ ಹಾಗೇ ಉಳಿಯುತ್ತದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಭಾಷೆಯಲ್ಲಿ ಮೀಸೆಯನ್ನೇ ಆಡಿಕೊಳ್ಳುವುದು ಸುಲಭವಲ್ಲ.

ಕುರುಚಲು ಕೂಡ ಹೊಂದದು. ಅದು ಒರಟು, ಬೋಳಿಸದೆ ಬಿಟ್ಟ ಗಂಡಸಿನ ಗಡ್ಡದ್ದು. ಇದಾದರೋ ಇನ್ನೂ ಪೂರ್ತಿ ಕಪ್ಪಾಗದ ಕೂದಲು. ಮುಖದ ಮೇಲೆ ಚಿಕ್ಕಂದಿನಿಂದಲೂ ಇರುವ ತೆಳು, ಬಣ್ಣಗೇಡಿ ಕೂದಲು ಹರೆಯದ ಆಂಡ್ರೋಜನ್ ಹಾರ್ಮೋನಿನ ದೆಸೆಯಿಂದ ಅದೇ ಬುಡದಲ್ಲಿ ದಪ್ಪಗಾಗುತ್ತ ಹೋಗುತ್ತದಲ್ಲ, ಆ ನಡುವಿನ ಅವಸ್ಥೆ. ಇದಕ್ಕೆ ಗಂಭೀರ ಬರಹದಲ್ಲಾದರೆ ನವಿರುಮೀಸೆ ಎನ್ನಬಹುದು. ನವಿರು ಎಂದರೆ ಈಗ ನಯ, ನಾಜೂಕು. ಆದರೆ ಅದರ ಹಳೆಯ ಅರ್ಥ ಕೂದಲೇ. ಮೈಕೂದಲು ನಿಮಿರುವುದನ್ನು ನವಿರೇಳುವುದು ಎನ್ನುತ್ತೇವಲ್ಲ, ಅದೇ ನವಿರು.

ಅಕ್ಕನ ಬಾಯಲ್ಲಿ ನವಿರುಮೀಸೆ ಇಡಲು ಮಾತ್ರ ನನಗೆ ಧೈರ್ಯವಿಲ್ಲ. ಸದ್ಯಕ್ಕೆ "ಏನೋ, ತುಟಿ ಮೇಲೆ ಬೂಷ್ಟು ಹಿಡಿದಿದೆ!" ಎಂದು ಬರೆದಿದ್ದೇನೆ. ಹಳಸಿದ ರೊಟ್ಟಿಯ ಮೇಲೆ ಬೆಳೆಯುತ್ತದಲ್ಲ, ಅದೇ ಬೂಷ್ಟು. ನವುರೂ ಹೌದು, ಅಸಹ್ಯವೂ ಹೌದು, ಹುಡುಗ ಅಳುವಷ್ಟು ಕ್ರೂರವಲ್ಲ. ಕುಂಡೆ ಕೈಬಿಟ್ಟುಹೋಯಿತು ಎಂಬ ಸಣ್ಣ ಬೇಸರ ಇದೆ.

ನಿಮ್ಮನ್ನು ಆ ವಯಸ್ಸಿನಲ್ಲಿ ಏನೆಂದು ಕಾಡಿದ್ದರು? ಗದ್ದದ ಮೇಲೆ ಎಣಿಸಿ ನಾಲ್ಕೇ ಕೂದಲು ಬಂದಾಗ ಅದಕ್ಕೆಂದೇ ಬೇರೆ ಹೆಸರಿತ್ತೇ? ಅಚ್ಚಿಗೆ ತಕ್ಕುದಲ್ಲ ಎನಿಸುವಂಥದ್ದಾದರೂ ಪರವಾಗಿಲ್ಲ. ನನಗೆ ಬೇಕಿರುವುದು ಅಂಥದ್ದೇ.