ಮೇನ್‌ಸೇಲ್ (ದೋಣಿಯ ದೊಡ್ಡ ಹಾಯಿ) ಇಳಿಸಿದರೆ ಡೆಕ್ ತುಂಬಾ ಹರಡ್ತಿದೆ: ಲೇಜಿ ಜ್ಯಾಕಾ, ಸ್ಟ್ಯಾಕ್ ಪ್ಯಾಕಾ, ಡಚ್‌ಮನ್ನಾ?

ಬೀಸುಗಾಳಿ84:
ಎಲ್ಲರಿಗೂ ನಮಸ್ಕಾರ. ನಮ್ಮದು 1984ರ ಕ್ಯಾಟಲಿನಾ 27 ಹಾಯಿದೋಣಿ, ಬರ್ಕ್ಲಿ ಮರೀನಾದಲ್ಲಿ ಕಟ್ಟಿರ್ತೀವಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ: ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟಿನಿಂದ ನುಗ್ಗಿದ ಗಾಳಿ ನೇರ ನಮ್ಮ ಮುಖಕ್ಕೇ ಬಡಿಯತ್ತೆ, 20-25 ನಾಟ್ ಮಾಮೂಲು.

ಹೊರಡೋದು ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು. ವಾಪಸ್ ಬರುವಾಗ ಹಾಯಿ ಇಳಿಸೋದೇ ದೊಡ್ಡ ಫಜೀತಿ. ಅರ್ಧ ಇಳಿದು ಅಲ್ಲೇ ಸಿಕ್ಕಿಕೊಳ್ಳತ್ತೆ, ನಾನು ಮಾಸ್ಟ್ (ಹಾಯಿಯ ಕಂಬ) ಹತ್ತಿರ ಹೋಗಿ ಜಗ್ಗಬೇಕು. ಇಳಿದದ್ದು ಕ್ಯಾಬಿನ್ ಮೇಲೆಲ್ಲ ಹರಡಿ, ಚುಕ್ಕಾಣಿ ಹಿಡಿದ ಹೆಂಡತಿಗೆ ಮುಂದೆ ಏನೂ ಕಾಣಲ್ಲ. ಹೋದ ಭಾನುವಾರ ಸೇಲ್ ಟೈ (ಹಾಯಿ ಕಟ್ಟೋ ಪಟ್ಟಿ) ಹಲ್ಲಲ್ಲಿ ಕಚ್ಕೊಂಡು, ಹಾಯಿಯ ಕೆಳಗಿನ ಅಡ್ಡಕಂಬ ಬೂಮನ್ನ ತಬ್ಬಿ ನಿಂತಿದ್ದೆ, ಪಟಪಟ ಹೊಡೀತಿದ್ದ ಹಾಯಿಯ ಅಂಚು ಟೋಪಿ, ಕನ್ನಡಕ ಎರಡನ್ನೂ ನೀರಿಗೆ ಕಳಿಸ್ತು.

ಹಾಯಿ ಮೇಲೆ ಹೊದಿಸೋ ಕವರ್ ಕೂಡ ಹೊಲಿಗೆ ಬಿಟ್ಟಿದೆ. ಹೇಗೂ ಹೊಸದು ಬೇಕು, ಜಿಪ್ ಇರೋ ಸ್ಟ್ಯಾಕ್ ಪ್ಯಾಕ್ (ಇಳಿದ ಹಾಯಿ ಬೂಮಿನ ಮೇಲೇ ಬಿದ್ದು ಕೂರೋ ಚೀಲ) ಹಾಕಿಸಿಬಿಡೋಣ ಅಂತ ಒಂದು ಸೇಲ್ ಲಾಫ್ಟಿನಲ್ಲಿ (ಹಾಯಿ ಹೊಲಿಯೋ ಅಂಗಡಿ) ಕೇಳಿದೆ. 1,400 ಡಾಲರ್ ಅಂದರು, ದೋಣಿ ನೋಡಲೇ ಇಲ್ಲ. ನನ್ನ ಬಜೆಟ್ 600. ಹಾಯಿಗೆ 12 ವರ್ಷ ವಯಸ್ಸು, ನಾಲ್ಕು ಬ್ಯಾಟನ್ (ಹಾಯಿಯೊಳಗಿನ ಗಟ್ಟಿ ಪಟ್ಟಿ). ಲೇಜಿ ಜ್ಯಾಕ್ (ಇಳಿಯೋ ಹಾಯಿಯನ್ನ ಬೂಮಿನ ಎರಡೂ ಪಕ್ಕ ತಡೆದು ಹಿಡಿಯೋ ಹಗ್ಗಗಳು) ಅಥವಾ ಡಚ್‌ಮನ್ (ಹಾಯಿಯಲ್ಲಿ ದಾರ ತೂರಿಸಿ ಮಡಿಕೆ ಬೀಳಿಸೋ ವ್ಯವಸ್ಥೆ) ಸಾಕಾ? ಏನು ಮಾಡಲಿ?

ಹೊನ್ನಾವರದ_ಹಗ್ಗ:
ಸ್ವಾಮಿ, ದುಡ್ಡು ಬಿಚ್ಚೋ ಮೊದಲು ಮೂರು ಪ್ರಶ್ನೆ.
ಒಂದು, ಹಾಯಿಯ ಕೆಳಅಂಚು ಬೂಮಿನ ಗಾಡಿಯೊಳಗೆ (ಉದ್ದಕ್ಕೂ ಇರೋ ತೋಡು) ಪೂರ್ತಿ ತೂರಿದೆಯಾ, ಅಥವಾ ಎರಡು ತುದಿ ಮಾತ್ರ ಕಟ್ಟಿ ನಡುವೆ ಸಡಿಲ ಬಿಟ್ಟಿದೆಯಾ?
ಎರಡು, ಟಾಪಿಂಗ್ ಲಿಫ್ಟ್ (ಮಾಸ್ಟಿನ ತುದಿಯಿಂದ ಬೂಮಿನ ತುದಿಗೆ ಬರೋ ಹಗ್ಗ) ಇದೆಯಾ? ಹಾಯಿ ಇಳಿದಾಗ ಬೂಮನ್ನ ಎತ್ತಿ ಹಿಡಿಯೋದು ಯಾರು?
ಮೂರು, ಅರ್ಧಕ್ಕೆ ಸಿಕ್ಕಿಕೊಳ್ಳತ್ತೆ ಅಂದ್ರಲ್ಲ, ಯಾವಾಗಲೂ ಒಂದೇ ಎತ್ತರದಲ್ಲಾ?

ಬೀಸುಗಾಳಿ84:
ಗಾಡಿಯೊಳಗೇ ತೂರಿದೆ. ಟಾಪಿಂಗ್ ಲಿಫ್ಟ್ ಇಲ್ಲ. ಬ್ಯಾಕ್‌ಸ್ಟೇಯಿಂದ (ಮಾಸ್ಟನ್ನ ಹಿಂದಿನಿಂದ ಹಿಡಿದ ತಂತಿ) ಒಂದು ಗಿಡ್ಡ ವೈರ್ ನೇತಾಡತ್ತೆ, ಅದಕ್ಕೆ ಬೂಮಿನ ತುದಿ ಸಿಗಿಸ್ತೀವಿ. ಒಮ್ಮೆ ಸಿಗಿಸೋದು ಮರೆತು ಹ್ಯಾಲ್ಯಾರ್ಡ್ (ಹಾಯಿ ಏರಿಸೋ ಹಗ್ಗ) ಬಿಟ್ಟೆ, ಬೂಮ್ ಧಡಾರ್ ಅಂತ ಕಾಕ್‌ಪಿಟ್‌ಗೆ ಬಿತ್ತು. ಕಾಫಿ ಫ್ಲಾಸ್ಕ್ ಹೋಯ್ತು, ಪುಣ್ಯಕ್ಕೆ ತಲೆ ಉಳೀತು. ಸಿಕ್ಕಿಕೊಳ್ಳೋದು ಒಂದೇ ಕಡೆ ಅಲ್ಲ, ಎಲ್ಲಿ ಬೇಕಾದ್ರೂ.

ಹೊನ್ನಾವರದ_ಹಗ್ಗ:
ಹಾಗಾದ್ರೆ ನಿಮ್ಮ ರೋಗ ಕವರಿನದ್ದಲ್ಲ. ಈಗ 1,400 ಕೊಟ್ಟು ಸ್ಟ್ಯಾಕ್ ಪ್ಯಾಕ್ ಹಾಕಿಸಿದ್ರೂ ಹಾಯಿ ಅರ್ಧಕ್ಕೇ ನಿಲ್ಲತ್ತೆ, ನೀವು ಮತ್ತೆ ಮಾಸ್ಟ್ ಹತ್ರ ಓಡ್ತೀರಿ. ಚೀಲ ಎಷ್ಟು ಚೆನ್ನಾಗಿದ್ರೇನು, ಅಕ್ಕಿ ಬಿದ್ರೆ ತಾನೇ ತುಂಬೋದು.

ಮೊದಲು ಮಾಸ್ಟಿನ ಗಾಡಿಯನ್ನ ಸಿಹಿನೀರಲ್ಲಿ ತೊಳೀರಿ. ಉಪ್ಪು ಕಟ್ಟಿದ್ರೆ ಹಾಯಿಯನ್ನ ಮಾಸ್ಟಿಗೆ ಹಿಡಿಯೋ ಪ್ಲಾಸ್ಟಿಕ್ ಸ್ಲಗ್‌ಗಳು ಜಾರಲ್ಲ. ಒಣಗಿದ ಮೇಲೆ ಮ್ಯಾಕ್‌ಲೂಬ್ ಥರದ ಒಣ ಸ್ಪ್ರೇ ಹೊಡೀರಿ. ಗ್ರೀಸ್ ಮಾತ್ರ ಬೇಡವೇ ಬೇಡ, ಧೂಳು ಕೂತು ಗೋಂದಾಗತ್ತೆ. ಸವೆದ, ಸೊಟ್ಟಗಾದ ಸ್ಲಗ್ ಇದ್ರೆ ಬದಲಾಯಿಸಿ.

ಆಮೇಲೆ ಆ ವೈರ್ ತುಂಡನ್ನ ಕಿತ್ತು ಸರಿಯಾದ ಟಾಪಿಂಗ್ ಲಿಫ್ಟ್ ಹಾಕಿ. ನೀವು ವಿಚಾರಿಸ್ತಿರೋ ಮೂರೂ ವ್ಯವಸ್ಥೆಗೆ ಬೂಮ್ ತನ್ನಷ್ಟಕ್ಕೆ ನಿಲ್ಲೋದು ಬೇಕು. ಡಚ್‌ಮನ್ನಿಗಂತೂ ಟಾಪಿಂಗ್ ಲಿಫ್ಟೇ ಬೆನ್ನೆಲುಬು, ಅದರಿಂದಲೇ ದಾರಗಳು ಇಳಿದು ಹಾಯಿಯ ತೂತುಗಳಲ್ಲಿ ಹಾವಿನಂತೆ ಹೊಕ್ಕು ಹೊರಡ್ತವೆ. ಇಳಿಸಿದ್ರೆ ಹಾಯಿ ಪಂಚೆ ಮಡಚಿದ ಹಾಗೆ ಆಚೆಗೊಂದು ಈಚೆಗೊಂದು ಮಡಿಕೆ ಬಿದ್ದು ಕೂರತ್ತೆ, ನೋಡೋಕೆ ಬಲು ಚಂದ. ಆದ್ರೆ ಅದಕ್ಕೆ ಹಾಯಿಯನ್ನೇ ತೂತು ಮಾಡ್ಬೇಕು. 12 ವರ್ಷದ ಬಟ್ಟೆಗೆ ಆ ಖರ್ಚು ನಾನು ಮಾಡಲ್ಲ. ಹೊಸ ಹಾಯಿ ಹೊಲಿಸೋ ದಿನ ಯೋಚಿಸಿ.

ಇಳಿಸೋ ಕ್ರಮ: ಇಂಜಿನ್ ಹಾಕಿ, ಟಾಪಿಂಗ್ ಲಿಫ್ಟ್ ಎಳೆದು ಬೂಮಿನ ಭಾರ ಅದಕ್ಕೆ ಕೊಡಿ, ವ್ಯಾಂಗ್ (ಬೂಮನ್ನ ಕೆಳಕ್ಕೆ ಎಳೆದು ಹಿಡಿಯೋ ಹಗ್ಗ) ಸಡಿಲಿಸಿ, ಮೇನ್‌ಶೀಟ್ (ಬೂಮ್ ಪಕ್ಕಕ್ಕೆ ಹೋಗದ ಹಾಗೆ ಹಿಡಿಯೋ ಹಗ್ಗ) ಬಿಗಿದು ಬೂಮ್ ಅಲ್ಲಾಡದ ಹಾಗೆ ನಡುವೆ ನಿಲ್ಲಿಸಿ. ಮೂಗು ಸರಿಯಾಗಿ ಗಾಳಿಗೆ ಬಂದ ಮೇಲೆ ಹ್ಯಾಲ್ಯಾರ್ಡ್ ಬಿಡಿ. ಗಾಳಿ ಹತ್ತು ಹದಿನೈದು ಡಿಗ್ರಿ ಓರೆಯಿದ್ರೂ ಹಾಯಿ ತುಂಬಿಕೊಂಡು ಸ್ಲಗ್‌ಗಳು ಕಚ್ಚಿಕೊಳ್ತವೆ.

ಇನ್ನೊಂದು, ಹೊರಗೇ ರೀಫ್ ಹಾಕಿದ್ರೆ (ಹಾಯಿಯನ್ನ ಮಡಚಿ ಚಿಕ್ಕದು ಮಾಡಿದ್ರೆ) ಇಳಿಸೋಕೆ ಉಳಿಯೋ ಹಾಯಿ ಕಮ್ಮಿ. ಹೇಗೂ ನಿಮ್ಮ ಕಡೆ ಮಧ್ಯಾಹ್ನ ರೀಫ್ ಬೇಕೇ ಬೇಕು.

ಸೂಜಿದಾರ:
ಸಿಯಾಟಲ್ ಕಡೆಯವಳು, ಕ್ಯಾನ್ವಾಸ್ ಎಲ್ಲ ನಾನೇ ಹೊಲಿಯೋದು. ಕವರ್ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ಅದು ಸನ್‌ಬ್ರೆಲ್ಲಾನಾ? ಆಗಿದ್ರೆ ಎಸೀಬೇಡಿ. ಆ ಬಟ್ಟೆಯ ಎಳೆಗೇ ಬಣ್ಣ ಇರೋದ್ರಿಂದ ಬಿಸಿಲಿಗೆ ಸುಮಾರು ವರ್ಷ ತಡೆಯತ್ತೆ, ಮೊದಲು ಸಾಯೋದು ಪಾಲಿಯೆಸ್ಟರ್ ದಾರ. ಬೂಮಿನ ನೆತ್ತಿ ಮೇಲಿನ ಹೊಲಿಗೆಯನ್ನ ಉಗುರಲ್ಲಿ ಕೆರೆದು ನೋಡಿ, ಪುಡಿಪುಡಿಯಾಗಿ ಬರ್ತಿದ್ರೆ ದಾರ ಮುಗೀತು. ಬಟ್ಟೆಯನ್ನ ಎರಡೂ ಕೈಲಿ ಜಗ್ಗಿದ್ರೆ ಹರಿಯದೆ ನಿಂತರೆ ಮರುಹೊಲಿಗೆ ಸಾಕು.

ನಾನು ಟೆನಾರಾ ದಾರ ಹಾಕ್ತೀನಿ, ಪಿಟಿಎಫ್‌ಇ (ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್) ಆದ್ದರಿಂದ ಬಿಸಿಲು ಅದನ್ನೇನೂ ಮಾಡಲ್ಲ. ದುಬಾರಿ, ಜೊತೆಗೆ ಎಣ್ಣೆ ಹಚ್ಚಿದ ಹಾಗೆ ಜಾರತ್ತೆ. ಮೊದಲ ಸಲ ಅರ್ಧ ದಿನ ಮೆಷಿನ್ ಟೆನ್ಷನ್ ತಿರುಗಿಸೋದ್ರಲ್ಲೇ ಹೋಯ್ತು, ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಆದ್ರೆ ಆ ಹೊಲಿಗೆ ಇನ್ನೂ ಹಾಗೇ ಇದೆ.

ಸ್ಟ್ಯಾಕ್ ಪ್ಯಾಕ್ ನನ್ನ ದೋಣೀಲೂ ಇದೆ, ಅದನ್ನ ದೂರಲ್ಲ. ಹಾಯಿ ಬೀಳತ್ತೆ, ಜಿಪ್ ಎಳೀತೀನಿ, ಮನೆಗೆ ಹೋಗ್ತೀನಿ. ಆದ್ರೆ ನಿಮ್ಮ ಹಾಗೆ ಕೆಳಅಂಚು ಗಾಡಿಯೊಳಗಿದ್ರೆ ಚೀಲಕ್ಕೆ ಜಾಗ ಇಲ್ಲ, ಬೂಮಿನ ಎರಡೂ ಪಕ್ಕಕ್ಕೆ ಬೇರೆ ಟ್ರ್ಯಾಕ್ ಹೊಡೀಬೇಕು. ಇಲ್ಲಾಂದ್ರೆ ಹಾಯಿಯನ್ನ ಸಡಿಲ ಅಂಚಿನದಾಗಿ ಬದಲಿಸಿ ಚೀಲವನ್ನ ಗಾಡಿಗೆ ತೂರಿಸಬೇಕು. ನೋಡದೇ ರೇಟ್ ಹೇಳಿದವರಿಗೆ ಇದು ಗೊತ್ತಿರಲ್ಲ. ಜೊತೆಗೆ ಮಂಜಲ್ಲಿ ನೆಂದ ಹಾಯಿಯನ್ನ ಹಾಗೇ ಜಿಪ್ ಹಾಕಿ ಬಿಟ್ರೆ ಕಪ್ಪು ಚುಕ್ಕೆ ಗ್ಯಾರಂಟಿ. ನಿಮ್ಮೂರಲ್ಲಿ ಮಂಜಿಗೇನು ಬರ.

ನನ್ನ ಮಾತು ಕೇಳೋದಾದ್ರೆ, ಮುಂದಕ್ಕೆ ಎಳೆದು ಮಾಸ್ಟಿಗೆ ಸಿಗಿಸಬಹುದಾದ ಲೇಜಿ ಜ್ಯಾಕ್. ಹಾಯಿ ಇಳಿಸೋ ಮುಂಚೆ ಬಿಚ್ಚಿ ಹರಡಿ, ಟೈ ಕಟ್ಟಿದ ಮೇಲೆ ಮತ್ತೆ ಮುಂದಕ್ಕೆ. ಹಾಗೆ ಮಾಡಿದ್ರೆ ಹಗ್ಗ ಹಾಯೋಕೆ ಹಳೇ ಕವರಿಗೆ ಸೀಳು ಬಿಡಬೇಕಿಲ್ಲ, ಹಾಯಿ ಏರಿಸುವಾಗ ಬ್ಯಾಟನ್ ತುದಿ ಹಗ್ಗಕ್ಕೆ ಸಿಕ್ಕಿಕೊಳ್ಳೋ ಗೋಳೂ ಇಲ್ಲ.

ಹೊನ್ನಾವರದ_ಹಗ್ಗ:
ಅಕ್ಕ ಹೇಳಿದ್ದೇ ಸರಿ, ನಿಮ್ಮ 600ರೊಳಗೆ ಆಗೋದೂ ಅದೇ. ಬೂಮಿಗೆ ಕೊಂಡಿ ಕೂರಿಸುವಾಗ ಸ್ಟೇನ್‌ಲೆಸ್ ರಿವೆಟ್‌ಗೆ ಟೆಫ್-ಜೆಲ್ (ಎರಡು ಲೋಹ ಅಂಟದ ಹಾಗೆ ತಡೆಯೋ ಪೇಸ್ಟ್) ಹಚ್ಚೋದು ಮರೀಬೇಡಿ. ಉಪ್ಪುನೀರಲ್ಲಿ ಸ್ಟೀಲು, ಅಲ್ಯುಮಿನಿಯಂ ಅಂಟಿಕೊಂಡ್ರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಕೊರೆದು ಹೋಗತ್ತೆ.

ಬೀಸುಗಾಳಿ84:
ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ. ಗಾಡಿ ತೊಳೆದಾಗ ಬಂದ ನೀರು ಚಹಾದ ಬಣ್ಣ. ಎರಡು ಸ್ಲಗ್ ಸೀಳಿದ್ವು, ಬದಲಾಯಿಸಿದೆ. ಟಾಪಿಂಗ್ ಲಿಫ್ಟ್ ಬಂತು. ಲೇಜಿ ಜ್ಯಾಕ್ ಕಟ್ಟೋ ಮೊದಲೇ ಒಂದು ಸಲ ಹೋಗಿ ಬಂದ್ವಿ, ಹ್ಯಾಲ್ಯಾರ್ಡ್ ಬಿಟ್ಟ ತಕ್ಷಣ ಹಾಯಿ ಸರ್ರನೆ ಕೆಳಗೆ. ಮಗಳು "ಅಪ್ಪಾ, ಮುರಿದು ಹೋಯ್ತಾ?" ಅಂದಳು.

ಆಮೇಲೆ ಆರು ಮಿಲಿಮೀಟರ್ ಹಗ್ಗದಲ್ಲಿ ಲೇಜಿ ಜ್ಯಾಕ್ ಕಟ್ಟಿದೆ, ಒಂದೊಂದು ಪಕ್ಕಕ್ಕೂ ಬೂಮಿಗೆ ಇಳಿಯೋ ಮೂರು ಎಳೆ. ಕವರ್ ಮರುಹೊಲಿಗೆಗೆ ಕೊಟ್ಟಿದ್ದೀನಿ. ಎಲ್ಲಾ ಸೇರಿ 340 ಡಾಲರ್.

ಈಗ ಒಂದೇ ಕಿರಿಕಿರಿ: ರಾತ್ರಿ ದೋಣೀಲೇ ಮಲಗಿದ್ರೆ ಮಾಸ್ಟಿಗೆ ಹಗ್ಗ ಟಕ ಟಕ ಬಡೀತಾನೇ ಇರತ್ತೆ. ಪಕ್ಕದ ದೋಣಿಯವರು ಬೆಳಗ್ಗೆ ನನ್ನ ಮುಖ ನೋಡಿದ ರೀತಿ ಸರಿ ಇರಲಿಲ್ಲ.

ಸೂಜಿದಾರ:
ಹ್ಯಾಲ್ಯಾರ್ಡೋ ಲೇಜಿ ಜ್ಯಾಕೋ ಮೊದಲು ಕೈಯಲ್ಲಿ ಹಿಡಿದು ನೋಡಿ, ಸದ್ದು ನಿಂತದ್ದೇ ಕಳ್ಳ. ಯಾವುದಾದ್ರೂ ಸರಿ, ಒಂದು ಬಂಜಿ (ಕೊಕ್ಕೆ ಇರೋ ರಬ್ಬರ್ ಹಗ್ಗ) ಹಾಕಿ ಶ್ರೌಡ್ (ಮಾಸ್ಟನ್ನ ಪಕ್ಕದಿಂದ ಹಿಡಿದ ತಂತಿ) ಕಡೆ ಎಳೆದು ಕಟ್ಟಿ. ಬಂಜಿ ಬಿಡುವಾಗ ಮುಖ ಪಕ್ಕಕ್ಕಿರಲಿ, ಕೊಕ್ಕೆ ಚಿಮ್ಮಿದ್ರೆ ನೇರ ಕಣ್ಣಿಗೇ.