ಎಸ್ಸೆಸ್ಸೆಲ್ಸಿ ಆದ್ಮೇಲೆ ಡಿಪ್ಲೊಮಾನೋ, ಪಿಯುಸಿ ಸೈನ್ಸೋ?

ಪ್ರಶ್ನೆ (ಹಾಸನದ ಅಪ್ಪ):
ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ. 81, ಗಣಿತದಲ್ಲಿ 72. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಸಿಗುವ ಅಂದಾಜಿದೆ. ಅವಳಿಗೆ ಪಿಯು ಸೈನ್ಸ್ ಮೇಲೇ ಮನಸ್ಸು, ಅದೂ ಕಂಪ್ಯೂಟರ್ ಇರೋ ಕಾಂಬಿನೇಷನ್ನೇ ಬೇಕಂತೆ. ಆಯ್ಕೆ ತಪ್ಪಾಯ್ತು ಅಂತ ಆಮೇಲೆ ಅನ್ನಿಸಿದರೆ ಯಾವುದರಿಂದ ಹೊರಳಿಕೊಳ್ಳೋದು ಸುಲಭ?

ಪಾಲಿಟೆಕ್ನಿಕ್ ಮೇಷ್ಟ್ರು:
ವರ್ಷದ ಲೆಕ್ಕ ಎರಡರಲ್ಲೂ ಒಂದೇ ಸರ್. ಪಿಯು 2, ಬಿಇ 4. ಡಿಪ್ಲೊಮಾ 3, ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನೇರ ಎರಡನೇ ವರ್ಷಕ್ಕೆ ಸೇರಿದರೆ ಬಿಇ 3. ವ್ಯತ್ಯಾಸ ಇರೋದು ನಡುದಾರಿಯಲ್ಲಿ ಕೈಗೇನು ಸಿಗುತ್ತೆ ಅನ್ನೋದರಲ್ಲಿ. ಮನೆಯ ಪರಿಸ್ಥಿತಿಯಿಂದ ಓದು ಅಲ್ಲಿಗೇ ನಿಂತರೆ, ಡಿಪ್ಲೊಮಾ ಆದವರು ವಿದ್ಯುತ್ ನಿಗಮ, ರೈಲ್ವೆಯ ಜೆಇ (ಕಿರಿಯ ಎಂಜಿನಿಯರ್) ಹುದ್ದೆಗೆ ಅರ್ಜಿ ಹಾಕಬಹುದು. ಬರೀ ಪಿಯು ಸೈನ್ಸ್‌ಗೆ ಆ ಬೆಲೆ ಇಲ್ಲ.

ಮುಗ್ಗರಿಸೋದು ಗಣಿತದಲ್ಲಿ. ಡಿಪ್ಲೊಮಾದಲ್ಲಿ ಗಣಿತ ಕಡಿಮೆ, ಬಿಇ ಮೂರನೇ ಸೆಮಿಸ್ಟರಿಗೆ ಕಾಲಿಟ್ಟ ಕೂಡಲೇ ಲಾಪ್ಲಾಸ್, ಫೂರಿಯರ್ ಅನ್ನೋ ಮೇಲ್ಮಟ್ಟದ ಗಣಿತದ ಪಾಠಗಳು ಎದುರಿಗೆ ನಿಂತಿರುತ್ತವೆ. ಜೊತೆಗೆ ಕೂತವರು ಮೊದಲ ವರ್ಷವೇ ಕ್ಯಾಲ್ಕುಲಸ್ ಮುಗಿಸಿ ಬಂದಿರುತ್ತಾರೆ. ಇದಕ್ಕೇ ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಹೀಗೆ ನೇರ ಎರಡನೇ ವರ್ಷಕ್ಕೆ ಬರುವ ಲ್ಯಾಟರಲ್ ಮಕ್ಕಳಿಗೆ ಹೆಚ್ಚುವರಿ ಗಣಿತದ ಪೇಪರ್ ಇಡುತ್ತ ಬಂದಿದೆ. ಡಿಸಿಇಟಿ ಮುಗಿದು ಕಾಲೇಜು ಶುರುವಾಗುವ ತನಕದ ಬಿಡುವಿನಲ್ಲಿ ದ್ವಿತೀಯ ಪಿಯು ಪುಸ್ತಕದ ಇಂಟಿಗ್ರೇಷನ್ ಮತ್ತು ಡಿಫರೆನ್ಷಿಯಲ್ ಈಕ್ವೇಷನ್, ಈ ಎರಡು ಅಧ್ಯಾಯ ಮಾಡಿಕೊಂಡರೆ ಅರ್ಧ ಭಯ ಹೋಗುತ್ತೆ.

ಸಿಇಟಿ ಲೆಕ್ಕಿಗ:
ಪಿಯು ಆದರೆ ಒಂದು ಮಾತು ನೆನಪಿರಲಿ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಶೇಕಡ ಅರ್ಧ, ಸಿಇಟಿ ಅರ್ಧ. ಭಾಷೆಯ ಅಂಕ ಲೆಕ್ಕಕ್ಕಿಲ್ಲ. ಪಿಸಿಎಂನಲ್ಲಿ ಶೇ. 90 ತೆಗೆದು ಸಿಇಟಿಯಲ್ಲಿ 180ಕ್ಕೆ 60 ಬಂದರೆ ಸರಾಸರಿ 61.7. ಪಿಸಿಎಂ ಶೇ. 80 ಇದ್ದು ಸಿಇಟಿ 90 ಬಂದರೆ 65. ಬರೀ ಬೋರ್ಡ್ ಪರೀಕ್ಷೆಗೇ ಉರು ಹೊಡೆಸುವ ಕಾಲೇಜಿನ ಮಕ್ಕಳು ಸೋಲೋದು ಇಲ್ಲೇ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು.

ಕಂಪ್ಯೂಟರ್ ಸೈನ್ಸ್ ಬಿಇಗೆ ಪಿಯುನಲ್ಲಿ ಕಂಪ್ಯೂಟರ್ ಓದಿರಲೇಬೇಕು ಅನ್ನೋದು ಸುಳ್ಳು. ಬಯಾಲಜಿ ಕಂಡರೆ ತಲೆನೋವು ಅನ್ನೋ ಹುಡುಗಿ ಅಲ್ಲದಿದ್ದರೆ ಪಿಸಿಎಂ ಜೊತೆ ಬಯಾಲಜಿ ಇರೋ ಪಿಸಿಎಂಬಿ ಕೊಡಿಸಿ. ಎಂಜಿನಿಯರಿಂಗ್ ಬಾಗಿಲು ಹಾಗೇ ಇರುತ್ತೆ, ಬಿಎಸ್ಸಿ ಕೃಷಿ ಮತ್ತು ನೀಟ್ ಬಾಗಿಲೂ ಉಳಿಯುತ್ತೆ.

ಮಲೆನಾಡ ಹಕ್ಕಿ:
ಹೊರಳುವ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಈ ಬಾಗಿಲು ಒಂದೇ ಕಡೆಗೆ ತೆರೆಯೋದು. ದ್ವಿತೀಯ ಪಿಯು ಸೈನ್ಸ್ ಪಾಸಾಗಿ ರ್‍ಯಾಂಕ್ ಬರದಿದ್ದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು. ಕಳೆದುಕೊಳ್ಳೋದು ಒಂದೇ ವರ್ಷ. ಬಿಸಿಎ, ಬಿಕಾಂ ಕಡೆ ಹೋಗೋಕೂ ತಡೆ ಇಲ್ಲ. ಡಿಪ್ಲೊಮಾ ಎರಡು ವರ್ಷ ಓದಿ ಡಾಕ್ಟರ್ ಆಗ್ತೀನಿ ಅಂದರೆ ಮಾತ್ರ ಮತ್ತೆ ಪ್ರಥಮ ಪಿಯುನಿಂದಲೇ ಶುರು. ಕಾಮರ್ಸ್‌ನಿಂದ ಎಂಜಿನಿಯರಿಂಗಿಗೂ ಇದೇ ಕಥೆ. ಹುಡುಗಿಗೆ ಏನು ಬೇಕು ಅಂತ ಇನ್ನೂ ಖಚಿತ ಇಲ್ಲದಿದ್ದರೆ ನನ್ನ ಮತ ಪಿಯುಗೆ.

ಹಾಸನದ ಅಪ್ಪ:
ಗಣಿತ 72 ಸಾಕಾಗುತ್ತಾ ಪಿಯುಗೆ?

ಪಾಲಿಟೆಕ್ನಿಕ್ ಮೇಷ್ಟ್ರು:
ಆ 72ನ್ನು ಬಿಡಿಸಿ ನೋಡಿ ಸರ್. ಆಂತರಿಕ 20 ಅಂಕ ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ಬೀಳುತ್ತೆ. ಅಂದರೆ ಬರೆದು ತೆಗೆದಿದ್ದು 80ಕ್ಕೆ 52. ಅದರಲ್ಲಿ ಪ್ರಮೇಯದ ಸಾಧನೆ ಬಾಯಿಪಾಠ, ಗ್ರಾಫ್ ಕೈಕೆಲಸ. ಬೀಜಗಣಿತ, ತ್ರಿಕೋನಮಿತಿಯಲ್ಲಿ ಎಷ್ಟು ಬಂದಿದೆ ಅನ್ನೋದೇ ಮುಖ್ಯ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕುವ ದಿನ ಮೀರಿಲ್ಲದಿದ್ದರೆ ತರಿಸಿಕೊಂಡು ನೋಡಿ. ಮೀರಿದ್ದರೆ ಪ್ರಥಮ ಪಿಯು ತ್ರಿಕೋನಮಿತಿ ಅಧ್ಯಾಯ ತೆಗೆದು ದಿನಕ್ಕೆ ಒಂದು ಗಂಟೆಯಂತೆ ಎರಡು ವಾರ ಕೂರಿಸಿ. ಉದಾಹರಣೆ ಲೆಕ್ಕಗಳನ್ನು ನೋಡದೇ ಮಾಡುವ ಹಂತಕ್ಕೆ ಬಂದರೆ ಪಿಯು. ಸೂತ್ರವನ್ನೇ ಹುಡುಕುತ್ತ ಕೂತರೆ ಎಲೆಕ್ಟ್ರಿಕಲ್ ಸೀಟು ಬಿಡಬೇಡಿ.

ಸಿಇಟಿ ಲೆಕ್ಕಿಗ:
ಯಾವುದೇ ಆಗಲಿ, 1ರಿಂದ 10ನೇ ತರಗತಿ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮವಾಗಿದ್ದರೆ ಅದರದ್ದೂ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಸಮೇತ ಈಗಲೇ ಮಾಡಿಸಿಡಿ. ಸಿಇಟಿಯಲ್ಲಿ ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಮೀಸಲಾತಿ ಇದೆ. ಎರಡು ಮೂರು ಶಾಲೆ ಬದಲಿಸಿದವರು ಕೊನೇ ವಾರ ಬಿಇಒ ಆಫೀಸಿನ ಬಾಗಿಲು ಕಾಯುತ್ತ ನಿಂತಿರುತ್ತಾರೆ.